ಪಾಲುದಾರಿಕೆಯಲ್ಲಿ ನಮ್ಮ ಪಾಲೆಲ್ಲಿ?



‘ಸರ್ಕಾರಿ-ಖಾಸಗಿ ಸಹಭಾಗಿತ್ವ’ ಅನ್ನೋ ಮಾತು ಬಜೆಟ್ ಬಂದಾಗಲೆಲ್ಲ ಕಿವಿಗೆ ಬೀಳುತ್ತೆ. ರಸ್ತೆ, ಬಂದರು, ವಿಮಾನ ನಿಲ್ದಾಣಗಳನ್ನು ಸರ್ಕಾರವೂ ಕಂಪನಿಯೂ ಕೂಡಿ ಕಟ್ಟುತ್ತವಂತೆ. ಕಟ್ಟಲಿ. ಬೇಡ ಅನ್ನೋರು ನಾವಲ್ಲ. ಆದರೆ ಹಾಸ್ಟೆಲಿನಲ್ಲಿ ಓದಿ ಕೆಲಸಕ್ಕೆ ಅರ್ಜಿ ಬರೆಯುವ ನಾವು ಒಂದು ಲೆಕ್ಕ ಕೇಳಬೇಕಾಗಿದೆ.

ದೇವನಹಳ್ಳಿಯ ವಿಮಾನ ನಿಲ್ದಾಣ ನೋಡಿ. 2004ರಲ್ಲಿ ಒಪ್ಪಂದ, 2008ರ ಮೇ ತಿಂಗಳಲ್ಲಿ ಶುರು. ಸುಮಾರು 4,000 ಎಕರೆ ನೆಲ ಕೊಟ್ಟದ್ದು ಸರ್ಕಾರ. 350 ಕೋಟಿ ರೂಪಾಯಿ ಬಡ್ಡಿಯಿಲ್ಲದ ಸಾಲವೂ ರಾಜ್ಯದ ಬೊಕ್ಕಸದ್ದೇ. ಇಷ್ಟಾಗಿ ಷೇರಿನಲ್ಲಿ ಕೇಂದ್ರದ ಪ್ರಾಧಿಕಾರಕ್ಕೆ ನೂರಕ್ಕೆ 13, ರಾಜ್ಯದ ನಿಗಮಕ್ಕೆ 13. ಕೂಡಿದರೆ 26. ಉಳಿದ 74 ಖಾಸಗಿಯವರದು.

ಮರ್ಮ ಇರೋದು ಈ 26ರಲ್ಲೇ. ಸರ್ಕಾರದ ಷೇರು ಕನಿಷ್ಠ 51 ಇದ್ದರೆ ಮಾತ್ರ ಕಾನೂನಿನ ಲೆಕ್ಕದಲ್ಲಿ ಅದು ಸರ್ಕಾರಿ ಕಂಪನಿ. ಅಲ್ಲಿ ಮೀಸಲಾತಿ ಉಂಟು. 26ಕ್ಕೆ ಇಳಿದರೆ ಇಲ್ಲ. ಸಂವಿಧಾನದ 16(4)ನೇ ವಿಧಿ ಸರ್ಕಾರಿ ಸೇವೆಯಲ್ಲಿ ತೆರೆದ ಬಾಗಿಲು ಇಲ್ಲಿಗೆ ಬಂದು ಮುಚ್ಚಿಕೊಳ್ಳುತ್ತೆ. ಮೀಸಲಾತಿಯನ್ನು ಯಾರೂ ರದ್ದು ಮಾಡಲಿಲ್ಲ, ಮೀಸಲಾತಿ ಇದ್ದ ಮನೆಯನ್ನೇ ಖಾಲಿ ಮಾಡುತ್ತಾ ಬಂದರು.

ಊರಲ್ಲಿ ವಾರಕ್ಕೆ ಗೇಯೋದು ನಮ್ಮಪ್ಪಂದಿರಿಗೆ ಗೊತ್ತು. ನೆಲ ದಣೀದು, ಬೆವರು ನಮ್ಮದು, ಆದರೂ ರಾಗಿಯಲ್ಲಿ ಪಾಲು ಬರುತ್ತಿತ್ತು. ಈ ಹೊಸ ವಾರದಲ್ಲಿ ನೆಲ ಜನರದು, ಬೆವರೂ ಜನರದು. ಪಾಲು?

‘ಸರ್ಕಾರದ ಹತ್ರ ದುಡ್ಡಿಲ್ಲ, ಅದಕ್ಕೇ ಕಂಪನಿ ಬೇಕು’ ಅಂತಾರೆ. ಆಗಲಿ. ದುಡ್ಡು ಹಾಕಿದವನು 30 ವರ್ಷ, ಬೇಕಾದರೆ ಇನ್ನೂ 30 ವರ್ಷ ಅಂತ ಕಾಗದದಲ್ಲಿ ಬರೆಸಿಕೊಳ್ತಾನೆ. ನೆಲ ಹಾಕಿದ ಜನ ಕೆಲಸ ಕೇಳಿದರೆ ಮಾತ್ರ ‘ಮೆರಿಟ್’ ಕೆಟ್ಟುಹೋಗುತ್ತಾ?

2017ರಲ್ಲಿ ರಾಜ್ಯ ಸರ್ಕಾರ 50 ಲಕ್ಷದವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಗುತ್ತಿಗೆದಾರರಿಗೆ ಮೀಸಲಾತಿ ತಂತು. 2023ರಲ್ಲಿ ಅದನ್ನು 1 ಕೋಟಿಗೆ ಏರಿಸಿತು. ಒಳ್ಳೇದೇ. ಷರತ್ತು ಬರೆಯೋದು ಸರ್ಕಾರಕ್ಕೆ ಗೊತ್ತು ಅಂತಾಯ್ತಲ್ಲ! ಚರಂಡಿ ಕೆಲಸಕ್ಕೆ ಬರೆದ ಕೈ ವಿಮಾನ ನಿಲ್ದಾಣಕ್ಕೆ ಬರೆಯಲು ಯಾಕೆ ನಡುಗಬೇಕು?

ಜನರ ನೆಲ, ಜನರ ದುಡ್ಡು ಬಿದ್ದ ಪ್ರತಿ ಒಪ್ಪಂದದಲ್ಲೂ ಮೀಸಲಾತಿ ಷರತ್ತಾಗಬೇಕು. ಯಾವ ಹುದ್ದೆಯಲ್ಲಿ ನಮ್ಮವರು ಎಷ್ಟು ಮಂದಿ ಅಂತ ವರ್ಷಕ್ಕೊಮ್ಮೆ ಲೆಕ್ಕ ಇಡಬೇಕು. ಗುತ್ತಿಗೆ ಪೊರಕೆಯ ಲೆಕ್ಕ ತೋರಿಸಿ ಸಾಗಹಾಕೋದು ಬೇಡ. ನಮಗೆ ಕುರ್ಚಿಗಳ ಲೆಕ್ಕ ಬೇಕು.

ಇದನ್ನು ಹಾಸ್ಟೆಲ್ ಹಾಸ್ಟೆಲಿನಲ್ಲಿ ಓದಿ, ಜಗಳ ಆಡಿ, ಮುಂದಿನ ಸಭೆಗೆ ಅರ್ಜಿ ಬರೆದುಕೊಂಡೇ ಬನ್ನಿ.

ಜೈ ಭೀಮ್.