ತುಕ್ಕಿನ ಮೇಲೆ ಪುಟ್ಟಿ ಮೆತ್ತಿದರೆ ಆಯಿತೇ?

ನಮ್ಮದು 1997ರ ಪ್ರೀಮಿಯರ್ ಪದ್ಮಿನಿ. ಕುರ್ಲಾದಲ್ಲಿ ಹುಟ್ಟಿ ಅಂಧೇರಿಯಲ್ಲಿ ಮುದಿಯಾದ ಗಾಡಿ. 2023ರ ಅಕ್ಟೋಬರ್ 30ಕ್ಕೆ ಮುಂಬಯಿಯ ರಸ್ತೆಗಳಿಂದ ಪದ್ಮಿನಿ ಟ್ಯಾಕ್ಸಿಗಳು ಮರೆಯಾದಾಗಿನಿಂದ ಮಗನದು ಒಂದೇ ರಾಗ: "ಅಪ್ಪಾ, ಇದನ್ನೂ ಗುಜರಿಗೆ ಹಾಕಿಬಿಡು."

ನಾನು ಒಪ್ಪಿಲ್ಲ. ಹಾಗಂತ ಉಳಿಸಿಕೊಳ್ಳುವ ಹೆಸರಿನಲ್ಲಿ ನಾವು ಮಾಡಿಸುವ ಡೆಂಟಿಂಗ್-ಪೇಂಟಿಂಗನ್ನೂ ಒಪ್ಪುವುದಿಲ್ಲ.

ಒಂದು ಗ್ಯಾರೇಜಿಗೆ ಬಿಟ್ಟಿದ್ದೆ. ಗಾಡಿ ಮದುಮಗಳ ಹಾಗೆ ವಾಪಸ್ ಬಂತು. ಮುಂದಿನ ಆಗಸ್ಟ್‌ನಲ್ಲಿ ನೋಡಿದರೆ ಬಾಗಿಲಿನ ಕೆಳಗಡೆ ಬಣ್ಣದಲ್ಲಿ ಗುಳ್ಳೆ! ಸ್ಕ್ರೂಡ್ರೈವರ್‌ನಲ್ಲಿ ಮೀಟಿದೆ. ಪುಟ್ಟಿ ಹಪ್ಪಳದಂತೆ ಎದ್ದು ಬಂತು, ಅಡಿಯಲ್ಲಿ ಹಳೇ ತುಕ್ಕು ಹಾಗೇ ಇತ್ತು. ಬ್ಯಾಂಕಿನಲ್ಲಿ ನಾವು ಇದಕ್ಕೆ ಎವರ್‌ಗ್ರೀನಿಂಗ್ ಅನ್ನುತ್ತೇವೆ. ಮುಳುಗಿದ ಸಾಲ ಕಾಣಬಾರದೆಂದು ಮೇಲೊಂದು ಹೊಸ ಸಾಲ!

ಪುಟ್ಟಿ ತೇವ ಹೀರುತ್ತದೆ ಸ್ವಾಮಿ. ಇಲ್ಲಿ ಕಡಲ ಗಾಳಿಯ ಉಪ್ಪು ಬೇರೆ. ಅಲ್ಲದೆ ಬಾಗಿಲಿನ ತುಕ್ಕು ಸಾಮಾನ್ಯವಾಗಿ ಒಳಗಿನಿಂದ ಹೊರಗೆ ಬರುತ್ತದೆ. ಗಾಜಿನ ಸಂದಿಯಲ್ಲಿ ಇಳಿದ ಮಳೆನೀರು ಹೊರಹೋಗಲೆಂದೇ ಬಾಗಿಲಿನ ತಳದಲ್ಲಿ ಸಣ್ಣ ತೂತುಗಳಿವೆ. ಅವುಗಳಲ್ಲಿ ಕಸ ಕಟ್ಟಿಕೊಂಡರೆ ನೀರು ಒಳಗೇ ನಿಂತು ತಗಡನ್ನು ತಿನ್ನುತ್ತದೆ. ಆ ತೂತುಗಳಿಗೆ ಒಂದು ಕಡ್ಡಿ ಹಾಕಿ ನೋಡುವ ತಾಳ್ಮೆ ಗ್ಯಾರೇಜಿನವರಿಗೆ ಇರಲಿಲ್ಲ. ನಿಜ ಹೇಳಬೇಕೆಂದರೆ ಅಷ್ಟು ವರ್ಷ ನನಗೂ ಇರಲಿಲ್ಲ.

ಡಿಸೆಂಬರಿನ ಒಣ ಹವೆಯಲ್ಲಿ ನಾಲ್ಕು ಭಾನುವಾರ ನಾನೇ ಕೂತೆ. ಮೊದಲು ತೂತು ಬಿಡಿಸಿದೆ. ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ (ಹಳೇ ಬಣ್ಣದಲ್ಲಿ ಸೀಸ ಇರಬಹುದು). ವೈರ್ ಬ್ರಷ್, ಆಮೇಲೆ 80 ನಂಬರಿನ ಎಮರಿ ಪೇಪರ್. ಗುಳ್ಳೆಯಷ್ಟೇ ಅಲ್ಲ, ಸುತ್ತ ಎರಡು ಬೆರಳಗಲ ಗಟ್ಟಿ ತಗಡು ಹೊಳೆಯುವ ತನಕ ಉಜ್ಜಬೇಕು. ಸೋಮಾರಿತನ ಮಾಡುವುದು ಎಲ್ಲರೂ ಇಲ್ಲೇ. ಕುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಸಿಡ್ ಇರುವ ದ್ರಾವಣ ಹಚ್ಚಿದರೆ ಕಪ್ಪಗಾಗುತ್ತದೆ. ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಬೇಕಾದಷ್ಟೇ ಪುಟ್ಟಿ, 220 ಮತ್ತು 400ರಲ್ಲಿ ಉಜ್ಜಿ ಮತ್ತೆ ಪ್ರೈಮರ್, ಕೊನೆಗೆ ಬಣ್ಣ. ಬಾಗಿಲಿನ ಒಳಗೆ ಮೇಣದ ಸ್ಪ್ರೇ. ಬಣ್ಣ ಹೊಂದಲಿಲ್ಲ, ತೇಪೆ ಹಾಕಿದ ಹಾಗೆ ಕಾಣುತ್ತದೆ. ಸೊಸೈಟಿಯ ಸೆಕ್ರೆಟರಿ ಧೂಳಿನ ಬಗ್ಗೆ ಎರಡು ಸಲ ಬಂದು ಹೇಳಿಹೋದರು. ಆದರೆ ಒಂದು ಮಳೆಗಾಲ ಕಳೆದರೂ ಗುಳ್ಳೆ ಎದ್ದಿಲ್ಲ.

ಒಂದು ಎಚ್ಚರಿಕೆ. ಈ ಮನೆವೈದ್ಯ ಬಾಗಿಲು, ಮಡ್‌ಗಾರ್ಡುಗಳಿಗೆ ಮಾತ್ರ. ಪದ್ಮಿನಿಗೆ ಬೇರೆ ಚಾಸಿಸ್ ಇಲ್ಲ, ಭಾರವನ್ನೆಲ್ಲ ಬಾಡಿಯೇ ಹೊರುತ್ತದೆ. ಕಾಲಡಿಯ ತಗಡಿಗೋ ಸಸ್ಪೆನ್ಷನ್ ಕೂತ ಜಾಗಕ್ಕೋ ತುಕ್ಕು ಹಿಡಿದಿದ್ದರೆ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಲೇಬೇಕು. ಪುಟ್ಟಿ ಮೆತ್ತಿ ರಸ್ತೆಗಿಳಿಸಿದರೆ ಅದು ಎದುರಿಗೆ ಬರುವವನಿಗೂ ಮಾಡುವ ಮೋಸ.

2027ರಲ್ಲಿ ನಮ್ಮ ನೋಂದಣಿ ಮತ್ತೆ ನವೀಕರಣಕ್ಕೆ ಬರುತ್ತದೆ. ಅದಕ್ಕೆ ಮುಂಚೆ ಮ್ಯಾಟ್ ಎತ್ತಿ ಅದೇ ಸ್ಕ್ರೂಡ್ರೈವರ್‌ನಿಂದ ನೆಲವನ್ನು ಚುಚ್ಚಿ ನೋಡುತ್ತೇನೆ. ಆರಪಾರ ಹೋದರೆ ಗುಜರಿಯವನಿಗೆ ನಾನೇ ಫೋನ್ ಮಾಡುತ್ತೇನೆ ಅಂತ ಮಗನಿಗೆ ಮಾತು ಕೊಟ್ಟಿದ್ದೇನೆ.