ಪರರ ಹೆಸರಿನಲ್ಲಿ ನಮ್ಮ ಅಂಗಡಿ

ಕರಾವಳಿಯ ನಮ್ಮ ಧರ್ಮಕೇಂದ್ರಗಳಲ್ಲಿ ಕೊಲ್ಲಿ ರಾಷ್ಟ್ರಗಳ ನಂಟಿಲ್ಲದ ವಾಳೆಗಳು ವಿರಳ. ಹತ್ತು ಹದಿನೈದು ವರ್ಷ ಅಲ್ಲಿ ಸಂಬಳಕ್ಕೆ ದುಡಿದವನ ಮನಸ್ಸಿನಲ್ಲಿ, ‘ಎಷ್ಟು ಕಾಲ ಇನ್ನೊಬ್ಬರ ಕೈಕೆಳಗೆ? ಸ್ವಂತದ್ದೊಂದು ಅಂಗಡಿ ತೆರೆಯಬಾರದೇಕೆ?’ ಎಂಬ ಪ್ರಶ್ನೆ ಏಳುವುದು ಸಹಜ. ಊರಿನ ಕುಚ್ಚಿಲಕ್ಕಿ, ಗೋಡಂಬಿ, ಹಪ್ಪಳ, ಉಪ್ಪಿನಕಾಯಿಗಳನ್ನು ಹಡಗಿನಲ್ಲಿ ತರಿಸಿ ಮಾರಿದರೆ ಕೊಳ್ಳುವವರಿಗೆ ಅಲ್ಲಿ ಬರವಿಲ್ಲ. ಈ ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ಆ ಅಂಗಡಿಯ ಬಂಡವಾಳಕ್ಕಾಗಿ ಊರಿನ ಮನೆ, ತೋಟಗಳ ದಾಖಲೆಗಳು ಬ್ಯಾಂಕಿನಲ್ಲಿ ಅಡವಾಗುತ್ತಿರುವಾಗ ಕೆಲವು ಮಾತುಗಳನ್ನು ನಿಷ್ಠುರವಾದರೂ ಹೇಳಲೇಬೇಕಾಗಿದೆ.

ಪರದೇಶಿಯ ವ್ಯಾಪಾರವೆಂದರೇನೆಂಬುದು ನಮಗೆ ಹೊಸದಲ್ಲ. ನಾವು ಅದನ್ನು ಆತಿಥೇಯರ ಸ್ಥಾನದಲ್ಲಿದ್ದು ಕಂಡವರು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮೂರೇ ವರ್ಷಗಳಲ್ಲಿ, 1868ರಲ್ಲಿ, ಪಾಣೆಮಂಗಳೂರಿನಲ್ಲಿ ಆಲ್ಬುಕರ್ಕ್ ಕುಟುಂಬದವರು ಅದೇ ಉದ್ಯಮಕ್ಕೆ ಕೈಹಾಕಿದರು. ಮಂಗಳೂರು ಹಂಚು ಹಡಗೇರಿ ದೂರದ ದೇಶಗಳ ಮಾಡುಗಳನ್ನು ಹೊದಿಸಿತು. ಆದರೆ 1914ರಲ್ಲಿ ಮಹಾಯುದ್ಧ ಆರಂಭವಾಯಿತು. ಜರ್ಮನ್ನರ ಸಂಬಂಧವಿದ್ದ ಕಾರಣಕ್ಕೆ ಮಿಶನ್ನಿನ ಕಾರ್ಖಾನೆಗಳು ಬ್ರಿಟಿಷ್ ಸರಕಾರದ ವಶವಾಗಿ, ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬೇರೊಂದು ಸಂಸ್ಥೆಯ ಪಾಲಾದವು. ಅರ್ಧ ಶತಮಾನದ ದುಡಿಮೆಯೂ ಅವರ ನೆರವಿಗೆ ಬರಲಿಲ್ಲ. ಪರದೇಶಿಯ ಆಸ್ತಿಗೆ ಆ ನೆಲದ ಕಾನೂನೇ ಆಸರೆ, ಆ ಕಾನೂನು ಮುನಿದರೆ ಬೇರೆ ಆಸರೆಯಿಲ್ಲ ಎಂಬುದು ಇದರ ಪಾಠ.

ಇದೇ ಪಾಠವನ್ನು 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈಟಿಗೆ ನುಗ್ಗಿದಾಗ ನಮ್ಮವರೇ ಕಲಿತರು. ಲಕ್ಷಕ್ಕೂ ಮಿಕ್ಕಿದ ಭಾರತೀಯರನ್ನು ವಿಮಾನಗಳಲ್ಲಿ ತಾಯ್ನಾಡಿಗೆ ಕರೆತರಲಾಯಿತು. ಅಂದು ಕೈಚೀಲವೊಂದನ್ನೇ ಹಿಡಿದು ಮರಳಿದವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಯುದ್ಧವನ್ನು ತಡೆಯುವುದು ವ್ಯಾಪಾರಿಯ ಕೈಯಲ್ಲಿಲ್ಲ, ನಿಜ. ಆದರೆ ತನ್ನ ಸೊತ್ತು ತನ್ನದೆಂದು ಸಾಧಿಸುವ ಕಾಗದವನ್ನು ಇಟ್ಟುಕೊಳ್ಳುವುದು ಖಂಡಿತವಾಗಿ ಅವನ ಕೈಯಲ್ಲಿದೆ.

ಆ ಕಾಗದದ ವಿಷಯದಲ್ಲಿಯೇ ನಾವು ಎಡವುತ್ತಿದ್ದೇವೆ. ಸಂಯುಕ್ತ ಅರಬ್ ಸಂಸ್ಥಾನದ 1984ರ ಕಾನೂನಿನಂತೆ ಕಂಪೆನಿಯ ನೂರರಲ್ಲಿ 51 ಪಾಲು ಅಲ್ಲಿನ ಪ್ರಜೆಯದ್ದಾಗಿರಬೇಕಿತ್ತು. ಜೆಬೆಲ್ ಅಲಿಯಂಥ ಮುಕ್ತ ವಲಯಗಳಲ್ಲಿ ಮಾತ್ರ ಇದಕ್ಕೆ ವಿನಾಯಿತಿ ಇತ್ತು. ಆದ್ದರಿಂದ ಹಣ ನಮ್ಮದು, ದುಡಿಮೆ ನಮ್ಮದು, ಹೆಸರು ಮಾತ್ರ ಪರರದ್ದು ಎಂಬ ಏರ್ಪಾಡು ಬೆಳೆದು ಬಂತು. ಪ್ರಾಯೋಜಕನು ಸಜ್ಜನನಾಗಿದ್ದರೆ ಸರಿ. ಅವನು ತೀರಿಕೊಂಡು ಮಕ್ಕಳು ಲೆಕ್ಕ ಕೇಳಲು ಬಂದರೆ ನಮ್ಮವನ ಪಾಡೇನು?

ಈಗ ಆ ಅನಿವಾರ್ಯತೆ ಬಹುಮಟ್ಟಿಗೆ ತೊಲಗಿದೆ. 2021ರ ಜೂನ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಅಲ್ಲಿ ಹೆಚ್ಚಿನ ವ್ಯಾಪಾರಗಳನ್ನು ಪರದೇಶಿಯು ಪೂರ್ಣವಾಗಿ ತನ್ನ ಹೆಸರಿನಲ್ಲಿಯೇ ನಡೆಸಬಹುದು. ಸೌದಿ ಅರೇಬಿಯವಾದರೋ, ಪರರ ಹೆಸರಿನ ಮರೆಯಲ್ಲಿ ವ್ಯಾಪಾರ ಮಾಡುವವರಿಗೆ 5 ವರ್ಷಗಳವರೆಗೆ ಸೆರೆವಾಸ, 50 ಲಕ್ಷ ರಿಯಾಲ್‌ವರೆಗೆ ದಂಡ ವಿಧಿಸುವ ಕಾನೂನನ್ನು 2020ರಲ್ಲಿ ತಂದಿದೆ. ಹೀಗಿದ್ದರೂ ಶುಲ್ಕ ಉಳಿಸುವ ಆಸೆಯಿಂದಲೋ, ಕಾಗದಪತ್ರಗಳ ಅಂಜಿಕೆಯಿಂದಲೋ, ಹಳೆಯ ದಾರಿಯನ್ನೇ ಹಿಡಿಯುವವರನ್ನು ಏನೆನ್ನೋಣ? ಬಾಗಿಲು ತೆರೆದಿರುವಾಗ ಕಿಟಕಿಯಿಂದ ನುಸುಳುವವನನ್ನು ಊರು ಕಳ್ಳನೆಂದೇ ಕರೆಯುತ್ತದೆ.

ಸರಕಿನ ವಿಷಯದಲ್ಲೂ ಇದೇ ಅಸಡ್ಡೆ. ರಫ್ತು ಮಾಡುವವನಿಗೆ ಆಮದು-ರಫ್ತು ಸಂಕೇತ ಸಂಖ್ಯೆ ಬೇಕು. ಪೊಟ್ಟಣ ಕಟ್ಟಿದ ಆಹಾರ ಪದಾರ್ಥಗಳ ಮೇಲೆ ಅರಬಿ ಭಾಷೆಯ ವಿವರಣೆ ಇರಬೇಕು. 2022ರ ಮೇ 1ರಿಂದ ಜಾರಿಯಲ್ಲಿರುವ ಭಾರತ-ಅರಬ್ ಸಂಸ್ಥಾನಗಳ ಒಪ್ಪಂದದ ಸುಂಕ ರಿಯಾಯಿತಿ ದೊರೆಯಬೇಕಾದರೆ ಸರಕು ಭಾರತದ್ದೇ ಎಂಬ ಮೂಲ ಪ್ರಮಾಣಪತ್ರ ಜತೆಗಿರಬೇಕು. ಎಲ್ಲಕ್ಕೂ ಮಿಗಿಲಾದದ್ದು ಹಡಗು ಕಂಪೆನಿ ಕೊಡುವ ಬಿಲ್ ಆಫ್ ಲೇಡಿಂಗ್. ಆದೇಶಕ್ಕೆ ಬರೆದ ಆ ಪತ್ರದ ಮೂಲಪ್ರತಿ ಯಾರ ಕೈಯಲ್ಲಿದೆಯೋ ಅವರೇ ಸರಕನ್ನು ಬಿಡಿಸಿಕೊಳ್ಳಬಲ್ಲರು. ಹಣ ಕೈಸೇರುವ ಮೊದಲೇ ಸ್ನೇಹದ ದಾಕ್ಷಿಣ್ಯಕ್ಕೆ ಅದನ್ನು ಕಳುಹಿಸಿಕೊಡುವವನು ಸರಕನ್ನು ದಾನ ಮಾಡಿದಂತೆಯೇ.

ವಿಮೆ ದಂಡದ ಖರ್ಚೆಂದು ತಿಳಿದವರು 2021ರ ಮಾರ್ಚಿನಲ್ಲಿ ಸುಯೆಜ್ ಕಾಲುವೆಗೆ ಅಡ್ಡಲಾಗಿ ಆರು ದಿನ ಸಿಲುಕಿದ್ದ ‘ಎವರ್ ಗಿವನ್’ ಹಡಗನ್ನು ನೆನೆಯಬೇಕು. ಹಡಗನ್ನು ಬಿಡಿಸಿದ ಖರ್ಚಿನಲ್ಲಿ ಸರಕಿನ ಒಡೆಯರೂ ಪಾಲುಗೊಳ್ಳಬೇಕೆಂದು ಅದರ ಮಾಲಕರು ಘೋಷಿಸಿದರು. ಕಡಲ ವ್ಯಾಪಾರದ ಪುರಾತನ ನಿಯಮವದು. ವಿಮೆಯಿದ್ದವನ ಪರವಾಗಿ ವಿಮಾ ಕಂಪೆನಿ ಜಾಮೀನು ನಿಲ್ಲುತ್ತದೆ. ಇಲ್ಲದವನು ತನ್ನ ಸರಕನ್ನು ಬಿಡಿಸಿಕೊಳ್ಳಲು ತಾನೇ ಠೇವಣಿ ಇಡಬೇಕಾಗುತ್ತದೆ.

ಇನ್ನೊಂದು ಮಾತು ಅಪ್ರಿಯವಾದರೂ ಅಗತ್ಯ. ಅಂಗಡಿಯ ಒಡೆಯ ಹಠಾತ್ತನೆ ತೀರಿಕೊಂಡರೆ, ನ್ಯಾಯಾಲಯದಲ್ಲಿ ವಾರಸುದಾರಿಕೆ ತೀರ್ಮಾನವಾಗುವ ತನಕ ಅವನ ಬ್ಯಾಂಕ್ ಖಾತೆಯ ಹಣ ಮನೆಯವರ ಕೈಗೆ ಸಿಗದು. ಅರಬ್ ಸಂಸ್ಥಾನದಲ್ಲಿ ಮುಸ್ಲಿಮೇತರರಿಗಾಗಿ 2023ರ ಫೆಬ್ರವರಿ 1ರಿಂದ ಪ್ರತ್ಯೇಕ ಕಾನೂನು ಜಾರಿಯಲ್ಲಿದೆ, ಉಯಿಲು ನೋಂದಾಯಿಸುವ ಸೌಲಭ್ಯವೂ ಇದೆ. ಆದರೂ ಉಯಿಲೆಂದರೆ ಅಪಶಕುನವೆಂದು ಬಗೆಯುವ ನಮ್ಮ ಗಂಡಸರು, ವ್ಯಾಪಾರದ ಲೆಕ್ಕ ಹೋಗಲಿ, ಅದರ ಕಾಗದಪತ್ರಗಳು ಎಲ್ಲಿವೆಯೆಂಬುದನ್ನೂ ಮಡದಿಗೆ ತಿಳಿಸಿರುವುದಿಲ್ಲ. ಸಾಲ ಮಾತ್ರ ಆಕೆಯ ವಿಳಾಸ ಹುಡುಕಿಕೊಂಡು ಊರಿಗೆ ಬರುತ್ತದೆ.

‘ನಂಬಿಕೆಯಿಲ್ಲದೆ ವ್ಯಾಪಾರ ಉಂಟೇ? ನಂಟರೊಡನೆ, ಊರವರೊಡನೆ ಕರಾರು ಬರೆಸಿಕೊಂಡರೆ ಅವರು ಏನೆಂದುಕೊಂಡಾರು?’ ಎಂದು ಕೇಳುವವರಿದ್ದಾರೆ. ಮಾತಿನಲ್ಲಿ ತಥ್ಯವಿಲ್ಲದಿಲ್ಲ, ನಮ್ಮ ಹಿರಿಯರ ಎಷ್ಟೋ ವ್ಯವಹಾರಗಳು ಬಾಯಿಮಾತಿನಲ್ಲೇ ನಡೆದವು. ಆದರೆ ಅಂದು ಸಾಕ್ಷಿಗೆ ಇಡೀ ಊರೇ ಇತ್ತು, ತಪ್ಪಿದವನನ್ನು ಕೇಳಲು ಗುರಿಕಾರರಿದ್ದರು. ಪರದೇಶದ ನ್ಯಾಯಾಲಯದಲ್ಲಿ ಆ ಊರೂ ಇಲ್ಲ, ಗುರಿಕಾರರೂ ಇಲ್ಲ. ನಾವಿಬ್ಬರೂ ಮರೆತುದನ್ನು ಕಾಗದ ಮರೆಯುವುದಿಲ್ಲ. ಕರಾರು ನಂಬಿಕೆಗೆ ಹಾಕಿದ ಬೇಲಿಯೇ ಹೊರತು ಕೊಡಲಿಯೇಟಲ್ಲ.

ಪ್ರತಿಯೊಬ್ಬನಿಗೂ ವಕೀಲರನ್ನು ಹಿಡಿಯುವ ಶಕ್ತಿಯಿರುವುದಿಲ್ಲ ಎಂಬುದನ್ನು ಬಲ್ಲೆವು. ಇಲ್ಲಿಯೇ ನಮ್ಮ ಸಂಘಟನೆಗಳ ಹೊಣೆ ಬರುತ್ತದೆ. ಕೊಲ್ಲಿ ರಾಷ್ಟ್ರಗಳಲ್ಲಿರುವ ನಮ್ಮ ಸಂಘಗಳು ಸಂಗೀತ ಸಂಜೆ, ಭೋಜನಕೂಟಗಳಿಗೆ ವಿನಿಯೋಗಿಸುವ ಶ್ರಮದ ಒಂದಂಶವನ್ನು ತೆಗೆದಿರಿಸಿ, ವರ್ಷಕ್ಕೊಂದು ಸಂಜೆ ವಕೀಲರೊಬ್ಬರನ್ನೂ ಲೆಕ್ಕಪರಿಶೋಧಕರೊಬ್ಬರನ್ನೂ ಕರೆಸಿ ಸದಸ್ಯರ ಪ್ರಶ್ನೆಗಳಿಗೆ ಉತ್ತರ ಕೊಡಿಸಲಿ. ಊರಿನ ಧರ್ಮಕೇಂದ್ರಗಳಲ್ಲೂ ಇಂಥ ಸಭೆಗಳು ನಡೆಯಲಿ, ಅವುಗಳಿಗೆ ತಾಯಂದಿರನ್ನೂ ಮಡದಿಯರನ್ನೂ ತಪ್ಪದೆ ಆಹ್ವಾನಿಸಲಿ. ಅಡವಿನ ಪತ್ರಕ್ಕೆ ಸಹಿ ಹಾಕುವವರು ಅವರೇ ಅಲ್ಲವೇ?

ಮಗನು ಫೋನಿನಲ್ಲಿ ಮನೆಯ ದಾಖಲೆಪತ್ರ ಕೇಳಿದಾಗ ತಾಯಿ ಒಂದೇ ಪ್ರಶ್ನೆ ಕೇಳಲಿ: ‘ಅಂಗಡಿಯ ಪರವಾನಗಿಯಲ್ಲಿ ಯಾರ ಹೆಸರಿದೆ, ಮಗಾ?’ ನೇರವಾದ ಉತ್ತರ ಬರುವ ತನಕ ಆ ಪತ್ರಗಳು ಕಪಾಟಿನಲ್ಲಿಯೇ ಇರಲಿ.