ಬಾಗಿಲ ಮೇಲೆ ‘ನಾಳೆ ಬಾ’

ತೊಂಬತ್ತರ ದಶಕದಲ್ಲಿ ನಮ್ಮ ಬೀದಿಯ ಬಾಗಿಲುಗಳ ಮೇಲೆ ‘ನಾಳೆ ಬಾ’ ಅಂತ ಬರೆದಿರುತ್ತಿದ್ದರು. ರಾತ್ರಿ ದೆವ್ವ ಬರುತ್ತೆ, ಓದಿ ವಾಪಸ್ ಹೋಗುತ್ತೆ, ಮಾರನೇ ದಿನ ಬಂದು ಮತ್ತೆ ಅದನ್ನೇ ಓದುತ್ತೆ. ಇಷ್ಟು ಪೆದ್ದು ದೆವ್ವ ಇರುತ್ತಾ ಅಂತ ಆಗ ನಗ್ತಿದ್ದೆ. ಈಗ ನಗು ಬರಲ್ಲ. ಬರೆದವನೂ ನಾನೇ, ಓದಿ ವಾಪಸ್ ಹೋಗೋನೂ ನಾನೇ.

ಜನವರಿಯಲ್ಲಿ ಜಿಮ್ಮಿಗೆ ಇಡೀ ವರ್ಷದ ದುಡ್ಡು ಕಟ್ಟಿದೆ. ಹೋಗಿದ್ದು ಹನ್ನೊಂದು ದಿನ. ಇದು ನನ್ನೊಬ್ಬನ ಕಥೆಯಲ್ಲ. ಅಮೆರಿಕದ ಜಿಮ್ಮುಗಳ ಲೆಕ್ಕ ತೆಗೆದು ಡೆಲ್ಲಾವಿನ್ಯ ಮತ್ತು ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಿಂಗಳಿಗೆ 70 ಡಾಲರಿಗೂ ಹೆಚ್ಚು ಕಟ್ಟುತ್ತಿದ್ದವರಿಗೆ ಒಂದು ಸಲ ಹೋಗಿ ಬರಲು ಬೀಳುತ್ತಿದ್ದದ್ದು 17 ಡಾಲರಿಗಿಂತ ಜಾಸ್ತಿ. ಹತ್ತು ಸಲದ ಪಾಸ್ ತಗೊಂಡಿದ್ದರೆ ಸಲಕ್ಕೆ 10 ಡಾಲರ್ ಸಾಕಿತ್ತು! ಅವರೇನೂ ದಡ್ಡರಲ್ಲ. ನಾಳೆಯ ತಮ್ಮ ಮೇಲೆ ಅತಿಯಾದ ನಂಬಿಕೆ ಇಟ್ಟಿದ್ದರು, ಅಷ್ಟೇ.

ನಾವು ಸೋಮಾರಿಗಳು ಅನ್ನೋದನ್ನ ನಾನು ಒಪ್ಪಲ್ಲ. ಐದನೇ ತಾರೀಕು ಇಎಂಐ ತಪ್ಪಲ್ಲ. ಸಂಜೆಯೊಳಗೆ ಕಳಿಸ್ತೀನಿ ಅಂತ ಮ್ಯಾನೇಜರ್‌ಗೆ ಹೇಳಿದ್ದನ್ನ ರಾತ್ರಿ ಹನ್ನೊಂದಾದರೂ ಕೂತು ಕಳಿಸ್ತೀವಿ. ಹುಲಿಗೆ ಕೊಟ್ಟ ಮಾತಿಗೆ ವಾಪಸ್ ಹೋದ ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರಪ್ಪ ನಾವು! ಆದರೆ ಎದುರಿಗೆ ಹುಲಿ ಇದ್ದರೆ ಮಾತ್ರ ಮಾತು ನೆನಪಾಗುತ್ತೆ. ನಮಗೆ ನಾವೇ ಕೊಟ್ಟದ್ದಕ್ಕೆ ಕೇಳೋರಿಲ್ಲ, ಲೇಟ್ ಫೀ ಇಲ್ಲ.

ಇನ್ನು ರೀಲ್ಸ್ ಪಂಡಿತರು. ‘ನಿಮ್ಮ ಮೇಲೆ ನಿಮಗೆ ಕರುಣೆ ಇರಲಿ, ತಪ್ಪಿದರೆ ಪರವಾಗಿಲ್ಲ’ ಅಂತಾರೆ. ಸ್ವಾಮಿ, ಕರುಣೆ ಬೇಕಿರೋದು ಮಾತು ಮುರಿಯೋವಾಗ ಅಲ್ಲ, ಕೊಡೋವಾಗ. ಆಫೀಸಲ್ಲಿ ಹಿಂದಿನ ಮೂರು ಸ್ಪ್ರಿಂಟ್‌ನಲ್ಲಿ ಇಪ್ಪತ್ತು ಪಾಯಿಂಟ್ ಮುಗಿಸಿದ ಟೀಮಿಗೆ ನಲವತ್ತು ಹೇರಿದರೆ ಜಗಳಕ್ಕೆ ನಿಲ್ತೀವಿ. ನಮಗೆ ಮಾತ್ರ ಬೆಳಗ್ಗೆ ಐದಕ್ಕೆ ಏಳೋದು, ಹತ್ತು ಕಿಲೋಮೀಟರ್ ಓಟ, ತಿಂಗಳಿಗೆ ನಾಲ್ಕು ಪುಸ್ತಕ. ಆ ಪ್ಲಾನಿನಲ್ಲಿ ಸಿಲ್ಕ್ ಬೋರ್ಡ್ ಟ್ರಾಫಿಕ್ ಇಲ್ಲ, ನೆಗಡಿ ಇಲ್ಲ, ಊರಿಂದ ಬರೋ ನೆಂಟರಿಲ್ಲ. ಅದನ್ನು ಪಾಲಿಸಬೇಕಾದ ಮನುಷ್ಯ ಹುಟ್ಟೇ ಇಲ್ಲ.

ಇದರಲ್ಲಿ ಹೋಗೋದು ಬರೀ ಜಿಮ್ಮಿನ ದುಡ್ಡಾಗಿದ್ದರೆ ಈ ಲೇಖನ ಬರೀತಿರಲಿಲ್ಲ. ಹೋದ ತಿಂಗಳು ರಕ್ತಪರೀಕ್ಷೆ ಆಯ್ತು. ಎಚ್‌ಬಿಎ1ಸಿ 6.1. ‘ಇನ್ನೂ ಶುಗರ್ ಅಲ್ಲ, ಹೊಸ್ತಿಲಲ್ಲಿದ್ದೀರಿ’ ಅಂದರು ಡಾಕ್ಟರ್. ಮನೆಗೆ ಬಂದು ‘ನಾಳೆಯಿಂದ ದಿನಾ ಒಂದು ಗಂಟೆ ವಾಕಿಂಗ್ ಕಣೇ’ ಅಂದೆ. ಹೆಂಡತಿ ‘ಹೂಂ’ ಅಂದಳು, ತಲೆ ಎತ್ತಲಿಲ್ಲ. ಅವಳು ನಂಬಲಿಲ್ಲ ಅನ್ನೋದು ಬೇಜಾರಲ್ಲ. ಹೇಳ್ತಿರೋ ನಾನೇ ನಂಬಲಿಲ್ಲ. ಭಯ ಆಗಿದ್ದು ಆಗ. ಹತ್ತು ವರ್ಷ ಸುಳ್ಳು ಹೇಳಿದವನನ್ನ ಹನ್ನೊಂದನೇ ವರ್ಷ ಯಾರು ನಂಬ್ತಾರೆ, ಅದು ಅವನೇ ಆದರೂ?

ಒಂದು ಗಂಟೆಯ ಮಾತನ್ನ ಅವತ್ತೇ ವಾಪಸ್ ತಗೊಂಡೆ. ಊಟ ಆದಮೇಲೆ ಬೀದಿ ಕೊನೆಯ ಹಾಲಿನ ಬೂತ್‌ವರೆಗೆ ಹೋಗಿ ಬರೋದು, ಹದಿನೈದು ನಿಮಿಷ, ಮಳೆ ಬಂದರೆ ಕೊಡೆ. ಇಷ್ಟೇ ಹೊಸ ಮಾತು. ಇಪ್ಪತ್ತಾರು ದಿನ ಆಯ್ತು, ತಪ್ಪಿಲ್ಲ. ಶುಗರ್ ಇಳಿದಿದೆಯಾ ಗೊತ್ತಿಲ್ಲ. ‘ಊಟ ಮಾಡಿ ಹೋಗ್ತೀನಿ’ ಅಂದರೆ ಈಗ ನನಗೇ ನಂಬಿಕೆ ಬರುತ್ತೆ.

ಈ ವಾರ ನಿಮಗೆ ನೀವು ಕೊಟ್ಟುಕೊಂಡ ಮಾತು ಯಾವುದು? ಅದನ್ನ ಅರ್ಧಕ್ಕೆ ಇಳಿಸಿ. ಇನ್ನೂ ದೊಡ್ಡದು ಅನಿಸಿದರೆ ಇನ್ನರ್ಧ ಇಳಿಸಿ, ನಾಚಿಕೆ ಬೇಡ. ಆಮೇಲೆ ಇವತ್ತೇ ಮಾಡಿ. ಬಾಗಿಲಿಗೆ ಬಂದಿರೋದು ದೆವ್ವ ಅಲ್ಲ, ನೀವೇ. ನಾಳೆ ಬಾ ಅನ್ನಬೇಡಿ.